ಸೇತುವೆಯ ಮೇಲೆ ತಲೆ ಎಣಿಸುವ ಡಿಂಪ್ನಾ

ನಮ್ಮ ಐರ್ಲೆಂಡಿನಲ್ಲಿ ದಿಕ್ಕುಗಳನ್ನು ನಂಬುವ ಹಾಗಿಲ್ಲ. ಭೂಪಟ ಬಿಡಿಸಿದರೆ ನಮ್ಮ ಡೊನೆಗಾಲ್ ಎಲ್ಲರಿಗಿಂತ ಮೇಲೆ, ತುತ್ತತುದಿಯಲ್ಲಿ ಕೂತಿದೆ. ಆದರೂ ನಾವು ‘ದಕ್ಷಿಣದವರು’. ಲಿಫರ್ಡ್ ಸೇತುವೆ ದಾಟಿ ಪೂರ್ವಕ್ಕೆ ಹೋದರೆ ಬ್ರಿಟನ್ನಿನ ಕೈಯಲ್ಲಿರುವ ‘ಉತ್ತರ’ ಸಿಗುತ್ತದೆ. ಈ ಕಡೆ ಯೂರೋ, ಕಿಲೋಮೀಟರು. ಆ ಕಡೆ ಪೌಂಡು, ಮೈಲಿ. ಫುಟ್‌ಬಾಲಿಗೂ ಎರಡು ಲೀಗು. ಹಾಗಾಗಿ ನಮ್ಮ ಬಾಲಿಕೋರಿ ತಂಡ ಹತ್ತು ಮೈಲಿ ಆಚೆಯವರ ಜೊತೆ ಆಡುವ ಹಾಗಿಲ್ಲ, ಇನ್ನೂರೈವತ್ತು ಮೈಲಿ ದೂರದ ಕಾರ್ಕಿಗೆ ಹೋಗಿ ಸೋತು ಬರಬಹುದು. ಇದನ್ನು ಸರಿ ಎನ್ನುವವರ ತಲೆಯೊಳಗೆ ಏನಿದೆಯೋ ನಾನರಿಯೆ. ನಾನು ಮಾಂಸದಂಗಡಿಯವನು, ಬಿಚ್ಚಿ ನೋಡಬಲ್ಲೆ, ಕಾನೂನು ಬಿಡುವುದಿಲ್ಲ.

ನನ್ನ ಹೆಸರು ಮ್ಯಾನಸ್. ವಾರವಿಡೀ ಕುರಿ ಕತ್ತರಿಸುವುದು, ಪಂದ್ಯದ ದಿನ ತಂಡದ ಅಂಗಿ ಚಡ್ಡಿ ಹೊತ್ತುಕೊಂಡು ಬಸ್ಸಿನ ಮುಂದಿನ ಸೀಟಿನಲ್ಲಿ ಕೂರುವುದು, ಇಷ್ಟು ನನ್ನ ಜೀವನ. ಹೇಳಹೊರಟಿರುವುದು ನನ್ನ ಕಥೆಯಲ್ಲ, ನನ್ನ ಪಕ್ಕದಲ್ಲಿ ಸ್ಟಿಯರಿಂಗ್ ಹಿಡಿದು ಕೂರುವ ಡಿಂಪ್ನಾ ಮೆಕ್‌ಗೆಟಿಗನ್ನಳ ಕಥೆ.

ಡಿಂಪ್ನಾಗೆ ಈಗ ಅರವತ್ಮೂರು. ಗಂಡನಿಲ್ಲ, ಮಕ್ಕಳಿಲ್ಲ, ಹಸಿರು ಬಿಳಿ ಬಣ್ಣದ ಇಪ್ಪತ್ತೊಂಬತ್ತು ಸೀಟಿನ ಬಸ್ಸಿದೆ. ಅದರಲ್ಲಿ ಅವಳು ಹೊರದವರೇ ಇಲ್ಲ. ಬರಿಗಾಲಲ್ಲಿ ಹರಕೆ ತೀರಿಸಲು ಲಾಕ್ ಡರ್ಗ್ ದ್ವೀಪಕ್ಕೆ ಹೋಗುವ ನಮ್ಮ ಕ್ಯಾಥೊಲಿಕ್ ಮುದುಕಿಯರೂ ಅದರಲ್ಲೇ; ಜುಲೈ ಬಂದರೆ ರೊಸ್ನೌಲಾ ಕಡಲತೀರದ ಮೆರವಣಿಗೆಗೆ ಹೋಗುವ ಉತ್ತರದ ಪ್ರಾಟೆಸ್ಟೆಂಟ್ ಬ್ಯಾಂಡಿನವರೂ, ಅವರ ಕೊಳಲು ಡ್ರಮ್ಮುಗಳೂ ಅದರಲ್ಲೇ. ಯಾರ ದೇವರು ಯಾರು ಅಂತ ಅವಳು ಕೇಳುವುದಿಲ್ಲ. ಬೂಟಿಗೆ ಕೆಸರು ಮೆತ್ತಿದೆಯೇ ಅಂತ ಮಾತ್ರ ಕೇಳುತ್ತಾಳೆ.

ಅವಳಿಗೊಂದು ಚಾಳಿಯಿದೆ. ಲಿಫರ್ಡ್ ಸೇತುವೆಯ ಮೇಲೆ ಬಸ್ಸು ಬಂತೆಂದರೆ ವೇಗ ತಗ್ಗಿಸಿ, ಕನ್ನಡಿಯಲ್ಲಿ ನೋಡುತ್ತಾ ತಲೆಗಳನ್ನು ಎಣಿಸಿ, ಲೆಕ್ಕವನ್ನು ಗಟ್ಟಿಯಾಗಿ ಹೇಳುತ್ತಾಳೆ. ಯಾರಿಗೆ ಹೇಳುತ್ತಾಳೆ? ಯಾರಿಗೂ ಇಲ್ಲ. ಉತ್ತರದಲ್ಲಿ ಗಲಭೆಯಿದ್ದ ಕಾಲಕ್ಕೆ ಅಲ್ಲಿ ಬಂದೂಕು ಹಿಡಿದ ಬ್ರಿಟಿಷ್ ಸೈನಿಕರು ನಿಲ್ಲುತ್ತಿದ್ದರು, ಎಷ್ಟು ಜನ ಅಂತ ಕೇಳುತ್ತಿದ್ದರು. ಈಗ ಸೈನಿಕನೂ ಇಲ್ಲ, ಗೇಟೂ ಇಲ್ಲ, ಫಲಕದಲ್ಲಿ ಕಿಲೋಮೀಟರು ಮೈಲಿಯಾಗುತ್ತದೆ ಅಷ್ಟೇ. ಆದರೂ ಅವಳು ಲೆಕ್ಕ ಒಪ್ಪಿಸಿಯೇ ಮುಂದೆ ಹೋಗುವುದು.

ಅದರ ಹಿಂದೆ ಒಂದು ನೋವಿದೆ. ಮೂವತ್ತೊಂಬತ್ತು ವರ್ಷದ ಹಿಂದೆ, ಬಸ್ಸು ಹಿಡಿದ ಹೊಸದರಲ್ಲಿ, ನಮ್ಮ ಊರಿನ ಹುಡುಗರ ತಂಡವನ್ನು ಉತ್ತರದ ಗ್ಲೆನ್‌ಬ್ರ್ಯಾಕ್ ಊರಿಗೆ ಸ್ನೇಹಪಂದ್ಯಕ್ಕೆ ಕರೆದೊಯ್ಯುತ್ತಿದ್ದಳು. ಸೇತುವೆಯ ಮೇಲೆ ಸೈನಿಕ ಕೇಳಿದ, ಅವಳು ಹದಿನೆಂಟು ಅಂದಳು. ಇದ್ದದ್ದು ಹದಿನೇಳು. ಒಬ್ಬ ಹೊಟ್ಟೆನೋವೆಂದು ಹಿಂದಿನ ತಿರುವಿನಲ್ಲೇ ಹೇಳದೆ ಕೇಳದೆ ಇಳಿದು ಚಿಕ್ಕಮ್ಮನ ಮನೆಗೆ ಹೋಗಿದ್ದ. ಆ ಒಬ್ಬನಿಗಾಗಿ ಬಸ್ಸಿನ ಸೀಟು ಕಿತ್ತು, ಬೇಲಿ ಜಾಲಾಡಿ, ನಾಲ್ಕು ಗಂಟೆ ನಿಲ್ಲಿಸಿದರು. ಪಂದ್ಯ ಹೋಯಿತು. ಆ ಬಸ್ಸಿನಲ್ಲಿದ್ದ ಹದಿನೇಳರಲ್ಲಿ ನಾನೂ ಒಬ್ಬ. ಉಳಿದವರಲ್ಲಿ ಅರ್ಧ ಜನ ಮರುವರ್ಷವೇ ಗ್ಲಾಸ್ಗೊ, ಲಂಡನ್ನು ಅಂತ ಹಡಗು ಹತ್ತಿದರು. ಗಡಿ ದಾಟಿ ಒಮ್ಮೆಯೂ ಆಡಲಿಲ್ಲ. ಡಿಂಪ್ನಾ ಅದನ್ನು ಇವತ್ತಿಗೂ ತನ್ನ ತಪ್ಪು ಅನ್ನುತ್ತಾಳೆ.

ಇಂಥವಳ ಕಿವಿಗೆ ‘ಗಡಿಯ ಎರಡೂ ಕಡೆಗೆ ಒಂದೇ ಲೀಗು’ ಅನ್ನುವ ಮಾತು ಬಿದ್ದರೆ ಸುಮ್ಮನಿರುತ್ತಾಳೆಯೇ?

ಹೋದ ಚಳಿಗಾಲ ಓಮಾ ಪಟ್ಟಣದ ಹೋಟೆಲೊಂದರಲ್ಲಿ ಸಭೆ ಸೇರಿತು. ಸಣ್ಣ ಊರುಗಳ ಎಂಟು ತಂಡ, ನಾಲ್ಕು ಆ ಕಡೆಯವು, ನಾಲ್ಕು ಈ ಕಡೆಯವು. ಬಂದ ಪದಾಧಿಕಾರಿಗಳೆಲ್ಲ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡಿದರು. ನೇರವಾಗಿ ಮಾತಾಡಿದ್ದು ಒಬ್ಬರೇ, ಗ್ಲೆನ್‌ಬ್ರ್ಯಾಕಿನ ಮರ್ವಿನ್ ಹೀಸ್ಲಿ. ನಿವೃತ್ತ ಶಾಲಾ ಮೇಷ್ಟ್ರು, ಕಡ್ಡಿಯಂಥ ಮೈ, ಗಡಿಯಾರದಂಥ ಮನುಷ್ಯ. ಎದ್ದು ನಿಂತು, ಇದು ಆಗುವ ಹೋಗುವ ಮಾತಲ್ಲ ಅಂದರು. ನಾವು ಆಡುವುದು ಚಳಿಗಾಲದಲ್ಲಿ, ನೀವು ಆಡುವುದು ಬೇಸಿಗೆಯಲ್ಲಿ. ನಿಮಗೆ ಭಾನುವಾರ ನಡೆಯುತ್ತದೆ, ನಮ್ಮಲ್ಲಿ ಎಷ್ಟೋ ಜನ ಭಾನುವಾರ ಚರ್ಚು ಬಿಟ್ಟು ಮೈದಾನದ ಕಡೆ ತಲೆ ಹಾಕುವುದಿಲ್ಲ. ಎರಡು ಲೀಗಿದ್ದರೆ ಇಬ್ಬರು ಗೆದ್ದವರು ಯೂರೋಪಿನ ಪಂದ್ಯಾವಳಿಗೆ ಹೋಗುತ್ತಾರೆ, ಒಂದಾದರೆ ಯಾರ ಜಾಗ ಹೋಗುತ್ತದೆ? ಇವೆಲ್ಲ ಇರಲಿ, ನಮ್ಮ ಹುಡುಗರು ಹೊಟ್ಟೆಪಾಡಿಗೆ ಕೆಲಸ ಮಾಡುವವರು. ಶುಕ್ರವಾರ ಮಧ್ಯಾಹ್ನ ಕೆಲಸ ಬಿಟ್ಟು ನೂರು ಮೈಲಿ ಆಚೆ ಏಳಕ್ಕೆ ಹೇಗೆ ಮುಟ್ಟುತ್ತಾರೆ?

ಇದರಲ್ಲಿ ಸುಳ್ಳೇನೂ ಇರಲಿಲ್ಲ, ಅದಕ್ಕೇ ನನಗೆ ಸಿಟ್ಟು ಬಂತು. ಬಸ್ಸಿನ ಬಾಡಿಗೆ ಕೇಳಲು ಬಂದು ಹಿಂದಿನ ಸಾಲಿನಲ್ಲಿ ಚಹಾ ಕುಡಿಯುತ್ತಿದ್ದ ಡಿಂಪ್ನಾ ಎದ್ದಳು.

“ಮೇಷ್ಟ್ರೇ, ಮೊದಲನೇ ಮೂರು ನಿಮ್ಮಂಥ ಓದಿದೋರು ಕೂತು ಬಗೆಹರಿಸ್ಕೊಳ್ಳಿ. ನಾಲ್ಕನೇದು ನಂಗೆ ಬಿಡಿ. ನೀವು ಹೇಳಿದ ಹೊತ್ತಿಗೆ ನಮ್ಮ ಹನ್ನೊಂದು ಜನ ಮೈದಾನದಲ್ಲಿ ನಿಂತಿರ್ತಾರೆ. ಒಬ್ಬ ಕಮ್ಮಿ ಆದ್ರೂ ಬಸ್ಸಿನ ಕೀ ನಿಮ್ಮ ಕೈಗೆ. ಮತ್ತೆ ಸ್ಟಿಯರಿಂಗ್ ಮುಟ್ಟಲ್ಲ.”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನಾನು ಅವಳ ಕೋಟು ಹಿಡಿದು ಎಳೆಯುವುದರೊಳಗೆ ಮಾತು ಮುಗಿದುಹೋಗಿತ್ತು. ಹೀಸ್ಲಿ ಮೇಷ್ಟ್ರು ನಗಲಿಲ್ಲ. ಜೇಬಿನ ಪುಸ್ತಕದಲ್ಲಿ ಬರೆದುಕೊಂಡರು. ಬೇಸಿಗೆಯಲ್ಲಿ ಪರೀಕ್ಷೆಗೆಂದು ಏಳು ವಾರ ಆಡಿ ನೋಡುವುದು, ಮೂರು ಪಂದ್ಯ ತಡವಾಗಿ ಶುರುವಾದರೆ ಲೀಗಿನ ಮಾತನ್ನು ಅಲ್ಲಿಗೇ ಹೂಳುವುದು ಅಂತ ತೀರ್ಮಾನವಾಯಿತು.

ಕೊನೆಯ ವಾರ ಬರುವ ಹೊತ್ತಿಗೆ ಎರಡು ಪಂದ್ಯ ತಡವಾಗಿದ್ದವು. ಒಂದು ತಂಡದ ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತು. ಇನ್ನೊಂದು ಉತ್ತರದ ತಂಡ. ಅವರ ಚಾಲಕ ನಮ್ಮ ಕಡೆ ಎಂಬತ್ತು ಅಂತ ಫಲಕ ನೋಡಿ ಎಂಬತ್ತು ಮೈಲಿ ವೇಗದಲ್ಲಿ ಬಿಟ್ಟು ಪೊಲೀಸರ ಕೈಗೆ ಸಿಕ್ಕಿಬಿದ್ದ. ಉಳಿದದ್ದು ಜೂನ್ ಕೊನೆಯ ಶುಕ್ರವಾರದ ಕಡೇ ಪಂದ್ಯ, ಗ್ಲೆನ್‌ಬ್ರ್ಯಾಕಿನಲ್ಲಿ, ಸಂಜೆ ಏಳಕ್ಕೆ. ಆಡಬೇಕಾದವರು ನಾವು.

ಆ ದಿನ ನಮಗೆ ಸಿಕ್ಕಿದ್ದೇ ಹನ್ನೊಂದು ಜನ. ಇಬ್ಬರ ಕಾಲು ನೆಟ್ಟಗಿರಲಿಲ್ಲ, ಮೂವರಿಗೆ ಕಾರ್ಖಾನೆಯಲ್ಲಿ ಪಾಳಿ, ಒಬ್ಬನ ತಂಗಿಯ ಮದುವೆ. ಡಿಂಪ್ನಾ ಊರಲ್ಲಿ ಕಾದು ಕೂರಲಿಲ್ಲ, ಒಬ್ಬೊಬ್ಬರನ್ನು ಅವರವರ ಕೆಲಸದ ಬಾಗಿಲಿನಿಂದಲೇ ಎತ್ತಿಕೊಂಡಳು. ತಂಡದ ನಾಯಕನೂ ತರಬೇತುದಾರನೂ ಆದ ಕೋನಲ್ ಗಾರೆ ಕೆಲಸದವನು. ಸಾರಣೆ ಮಾಡುತ್ತಿದ್ದ ಗೋಡೆ ಬಿಟ್ಟು, ಹುಬ್ಬಿನ ಮೇಲೆಲ್ಲ ಬಿಳಿ ಧೂಳು ಹೊತ್ತು ಓಡಿಬಂದು ಹತ್ತಿದ. ಅಂಚೆಯವನು ಕೊನೆಯ ಕಾಗದ ಹಾಕಿ ಬೇಲಿ ಹಾರಿದ. ಗೋಲು ಹೊಡೆಯುವ ಹುಡುಗ ಎಂಬತ್ತು ಹಸು ಸಾಕುವ ಮನೆಯವನು. ಅವತ್ತು ಹಸುಗಳಿಗೂ ಗಡಿಬಿಡಿ, ಎರಡು ಗಂಟೆ ಮೊದಲೇ ಹಾಲು ಕೊಡಬೇಕಾಯಿತು. ಬಸ್ಸು ಪೂರ್ತಿ ನಿಲ್ಲುವುದಕ್ಕೆ ಮುಂಚೆಯೇ ಹತ್ತುತ್ತಿದ್ದರು, ಹತ್ತಿದ ಕೂಡಲೇ ನಾನು ಅಂಗಿ ಎಸೆಯುತ್ತಿದ್ದೆ. ಬಸ್ಸಿನಲ್ಲಿ ಸೆಗಣಿ, ಸುಣ್ಣ, ಮೊಟ್ಟೆ ಈರುಳ್ಳಿ ಸ್ಯಾಂಡ್‌ವಿಚ್ಚು ಎಲ್ಲದರ ವಾಸನೆ ಸೇರಿತ್ತು. ನನಗೆ ಅದಕ್ಕಿಂತ ಒಳ್ಳೆಯ ಪರಿಮಳ ಬೇರೆ ನೆನಪಿಲ್ಲ.

ನಾಲ್ಕೂ ಮುಕ್ಕಾಲಿಗೆ ಸೇತುವೆಗೆ ಬಂದೆವು. ಡಿಂಪ್ನಾ ಕನ್ನಡಿ ನೋಡಿ, ನನ್ನನ್ನೂ ತನ್ನನ್ನೂ ಸೇರಿಸಿಕೊಂಡು “ಹದಿಮೂರು” ಅಂದಳು. ಹುಡುಗರೆಲ್ಲ ಹೋ ಎಂದರು. ಅವಳ ಮುಖದಲ್ಲಿ ನಿರಾಳ ಕಂಡಿತು. ಸೇತುವೆ ದಾಟಿತೆಂದರೆ ಅವಳ ಪಾಲಿಗೆ ಲೆಕ್ಕ ಮುಗಿದ ಹಾಗೆ.

ಓಮಾ ದಾಟಿದ ಮೇಲೆ ರಸ್ತೆ ಅಗೆದಿದ್ದರು. ಮುಂದೆ ಲಾರಿ ಕಾರುಗಳ ಸಾಲು ಕಣ್ಣಿಗೆ ಕಾಣುವಷ್ಟು ದೂರ. ಡಿಂಪ್ನಾ ಎಡಕ್ಕೆ, ಕಿಲ್‌ನಾರ್ಡ್ ಹಳ್ಳಿಯ ಕಿರಿದಾದ ದಾರಿಗೆ ತಿರುಗಿಸಿದಳು. ಒಳದಾರಿಯಲ್ಲಿ ಇಪ್ಪತ್ತು ನಿಮಿಷ ಉಳಿಯುತ್ತಿತ್ತು. ಹಳ್ಳಿಯ ಬಾಯಿಗೆ ಬಂದಾಗ ಎದುರಿಗೆ ಡ್ರಮ್ಮಿನ ಸದ್ದು.

ಕಿತ್ತಳೆ ಪಟ್ಟಿ ತೊಟ್ಟ ಗಂಡಸರು, ನೀಲಿ ಸಮವಸ್ತ್ರದ ಬ್ಯಾಂಡು, ಮುಂದೆ ಚರ್ಚಿನಷ್ಟೆತ್ತರದ ರೇಷ್ಮೆ ಬಾವುಟ. ಪ್ರಾಟೆಸ್ಟೆಂಟರು ಹೊಸ ಬಾವುಟ ಬಿಡಿಸುವ ಮೆರವಣಿಗೆ. ಬೇಸಿಗೆಯ ಶುಕ್ರವಾರ ಸಂಜೆ ಉತ್ತರದ ಯಾವುದಾದರೊಂದು ಹಳ್ಳಿಯಲ್ಲಿ ಬ್ಯಾಂಡು ನಡೆಯದೆ ಇರುವುದಿಲ್ಲ. ನಮ್ಮ ದಕ್ಷಿಣದಲ್ಲಿ ಶುಕ್ರವಾರ ಸಂಜೆ ಅಂದರೆ ಫುಟ್‌ಬಾಲು. ಎರಡೂ ಗೊತ್ತಿದ್ದವಳು ಡಿಂಪ್ನಾ ಒಬ್ಬಳೇ, ಅವಳೇ ಮರೆತಿದ್ದಳು. ಸ್ಟಿಯರಿಂಗ್ ಮೇಲೆ ಹಣೆ ಇಟ್ಟಳು. ಮೆರವಣಿಗೆಯ ದಾರಿಯಲ್ಲಿ, ಹಸಿರು ಅಂಗಿ ತೊಟ್ಟ ಹನ್ನೊಂದು ಕ್ಯಾಥೊಲಿಕ್ ಹುಡುಗರ ಬಸ್ಸು! ನಮ್ಮ ಅಪ್ಪಂದಿರ ಕಾಲದಲ್ಲಾಗಿದ್ದರೆ ಹಿಂದಕ್ಕೆ ತಿರುಗಿಸಿ ಓಡಬೇಕಿತ್ತು.

ಅಷ್ಟರಲ್ಲಿ ಬ್ಯಾಂಡಿನ ಮುಂದಾಳು ತನ್ನ ಕೋಲನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಕಿಟಕಿಯ ಹತ್ತಿರ ಬಂದ. ವೆಸ್ಲಿ ಕಿನೀರ್. ಪ್ರತಿ ಜುಲೈ ನಮ್ಮ ಬಸ್ಸಿನಲ್ಲೇ ಕಡಲತೀರಕ್ಕೆ ಹೋಗುವವನು.

“ಡಿಂಪ್ನಾ, ನಿಂಗೇನು ಬೇರೆ ದಾರಿ ಸಿಗ್ಲಿಲ್ವಾ?”

“ಏಳಕ್ಕೆ ಗ್ಲೆನ್‌ಬ್ರ್ಯಾಕಲ್ಲಿ ಇರ್ಬೇಕು ವೆಸ್ಲಿ. ಇಲ್ದಿದ್ರೆ ಈ ಬಸ್ಸು ಇನ್ಮೇಲೆ ನಂದಲ್ಲ.”

“ಬ್ಯಾಂಡ್ ನಿಲ್ಸಕ್ಕಾಗಲ್ಲ ಮಾರಾಯ್ತಿ. ದೇವ್ರು ಬಂದ್ರೂ ನಿಲ್ಸಲ್ಲ.” ಅವನು ಬಸ್ಸಿನೊಳಗೆ ಇಣುಕಿ ನೋಡಿದ. “ಆದ್ರೆ ಹಿಂದೆ ಬಾ. ಹಳ್ಳಿ ಮುಗಿಯೋ ತನಕ ನಮ್ಮ ಜೊತೆ ನಡಿ. ಹಾರ್ನ್ ಮಾತ್ರ ಹೊಡೀಬೇಡ, ರಾಗ ಕೆಡುತ್ತೆ.”

ಹೀಗೆ ಬಾಲಿಕೋರಿ ತಂಡ ಆ ಮೆರವಣಿಗೆಯ ಕೊನೆಯ ಪಾಲಾಯಿತು. ಮುಂದೆ ಬಾವುಟ, ನಡುವೆ ಕೊಳಲು, ಹಿಂದೆ ನಾವು, ಮನುಷ್ಯ ನಡೆಯುವ ವೇಗ. ದಾರಿಯ ಎರಡೂ ಬದಿ ಮಡಚುವ ಕುರ್ಚಿ ಹಾಕಿ ಕೂತ ಜನ ಮೊದಲು ಕಣ್ಣು ಬಿಟ್ಟರು, ಆಮೇಲೆ ಒಬ್ಬ ಅಜ್ಜಿ ನಮಗೂ ಕೈ ಬೀಸಿದಳು. ಅಂಚೆಯವನು ರಾಣಿಯಂತೆ ಕೈ ಆಡಿಸಿದ. ಇಡೀ ಬೀದಿ ನಕ್ಕಿತು. ಹದಿನಾರು ನಿಮಿಷ! ಡಿಂಪ್ನಾ ಒಂದೊಂದು ನಿಮಿಷವನ್ನೂ ಹಲ್ಲು ಕಚ್ಚಿ ಕಳೆದಳು. ಹಳ್ಳಿಯ ಕೊನೆಯಲ್ಲಿ ಬ್ಯಾಂಡು ಬಲಕ್ಕೆ ಹೊರಳಿತು, ವೆಸ್ಲಿ ಕೋಲೆತ್ತಿ ದಾರಿ ತೋರಿಸಿದ. ಆಮೇಲೆ ಅವಳು ಓಡಿಸಿದ ಪರಿ ನಾನು ಕೋರ್ಟಿನಲ್ಲೂ ಹೇಳುವುದಿಲ್ಲ.

ಆರು ಗಂಟೆ ನಲವತ್ತೆಂಟು ನಿಮಿಷಕ್ಕೆ ಗ್ಲೆನ್‌ಬ್ರ್ಯಾಕಿನ ಗೇಟು. ಕೈಯಲ್ಲಿ ಗಡಿಯಾರ ಹಿಡಿದು ಹೀಸ್ಲಿ ಮೇಷ್ಟ್ರು ನಿಂತಿದ್ದರು. ಡಿಂಪ್ನಾ ಎಂಜಿನ್ ಆರಿಸಿ, ಬಾಗಿಲು ತೆರೆದು, ಮಹಾರಾಣಿಯ ಹಾಗೆ ಇಳಿದಳು. ಹುಡುಗರು ಆಗಲೇ ಬೂಟು ಕಟ್ಟಿ ಸಿದ್ಧ. ನಾನು ಒಬ್ಬೊಬ್ಬರ ಬೆನ್ನು ತಟ್ಟಿ ಇಳಿಸುತ್ತಿದ್ದೆ. ಹತ್ತನೆಯ ಬೆನ್ನಿನ ಹಿಂದೆ ಯಾರೂ ಇರಲಿಲ್ಲ.

ಗೋಲ್‌ಕೀಪರ್ ಓರನ್ ಇರಲಿಲ್ಲ. ಅವನ ಸೀಟಿನ ಮೇಲೆ ಫೋನು, ಕೈಗವಸು, ಖಾಲಿ ಫ್ಲಾಸ್ಕು. ದಾರಿಯುದ್ದಕ್ಕೂ ಚಹಾ ಕುಡಿದಿದ್ದ ಪುಣ್ಯಾತ್ಮ, ಬಸ್ಸು ಹೇಗೂ ನಡೆಯುವ ವೇಗದಲ್ಲಿದೆ ಅಂತ ಕಿಲ್‌ನಾರ್ಡಿನಲ್ಲಿ ಹಿಂದಿನ ಬಾಗಿಲಿನಿಂದ ಇಳಿದು ಚಿಪ್ಸ್ ಅಂಗಡಿಯ ಶೌಚಾಲಯಕ್ಕೆ ಹೋಗಿದ್ದ. ಯಾರಿಗೂ ಹೇಳಿರಲಿಲ್ಲ, ನಮಗೆ ತಿಳಿದದ್ದು ಆಮೇಲೆ. ಡಿಂಪ್ನಾ ಸೇತುವೆಯ ಮೇಲೆ ಎಣಿಸಿದ್ದಳು, ಲೆಕ್ಕ ಸರಿಯಿತ್ತು. ಸೇತುವೆ ದಾಟಿದ ಮೇಲೆ ಎಣಿಸಬೇಕೆಂದು ಅವಳಿಗೆ ಯಾವತ್ತೂ ಹೊಳೆದಿರಲಿಲ್ಲ. ನಲವತ್ತು ವರ್ಷ ಗಡಿಯೊಂದೇ ಅಪಾಯದ ಜಾಗ ಅಂತ ನಂಬಿದವಳು ಅವಳು. ಈಗ ಬಸ್ಸಿನ ಮೆಟ್ಟಿಲ ಮೇಲೆ ಕುಸಿದು ಕೂತಳು.

“ಮ್ಯಾನಸ್, ಮತ್ತೆ ಅದೇ ಆಯ್ತು ಕಣೋ. ಮತ್ತೆ ಒಬ್ಬ ಕಮ್ಮಿ.”

ನನಗೆ ಅಳು ಬಂತು, ಸುಳ್ಳು ಯಾಕೆ ಹೇಳಲಿ. ಆದರೆ ಕೋನಲ್ ಮೇಷ್ಟ್ರ ಹತ್ತಿರ ಎರಡು ಮಾತಾಡಿ, ಬಗ್ಗಿ ಓರನ್‌ನ ಕೈಗವಸು ಎತ್ತಿಕೊಂಡ. ಹತ್ತು ಜನ ಇದ್ದರೂ ಆಟ ಶುರುಮಾಡಬಹುದು ಅಂತ ನಿಯಮವಿದೆ. ಏಳಕ್ಕೆ ಸರಿಯಾಗಿ ಸೀಟಿ ಮೊಳಗಿತು. ಲೀಗು ಉಳಿಯಿತು. ಡಿಂಪ್ನಾಳ ಮಾತು ಉಳಿಯಲಿಲ್ಲ.

ಗಾರೆಯವನು ಗೋಲು ಕಾಯುವ ಚೆಂದ ನೋಡಬೇಕಿತ್ತು. ಚೆಂಡು ಬಂದರೆ ಗೋಡೆಗೆ ಸುಣ್ಣ ಎರಚುವ ಹಾಗೆ ಎರಡೂ ಕೈ ಬೀಸುತ್ತಿದ್ದ. ಇಪ್ಪತ್ತು ನಿಮಿಷದಲ್ಲಿ ಎರಡು ಗೋಲು ಒಳಗೆ ಹೋದವು. ಅಷ್ಟು ಹೊತ್ತಿಗೆ ಗೇಟಿನ ಹತ್ತಿರ ಗಲಾಟೆಯೆದ್ದಿತು. ಡ್ರಮ್ಮು ತುಂಬಿದ ವ್ಯಾನೊಂದು ಒಳಗೆ ನುಗ್ಗಿತು. ಮುಂದಿನ ಸೀಟಿನಿಂದ ವೆಸ್ಲಿ ಇಳಿದ, ಹಿಂದಿನಿಂದ ಬ್ಯಾಂಡಿನ ಐದು ಜನ, ಅವರ ನಡುವೆ ಗೋಲ್‌ಕೀಪರಿನ ಹಳದಿ ಅಂಗಿಯ ಓರನ್.

ಮೆರವಣಿಗೆಯ ನಡುವೆ ಹಳದಿ ಅಂಗಿ ತೊಟ್ಟು, ಕೈಯಲ್ಲಿ ಫೋನೂ ಇಲ್ಲದೆ ಬಾಯಿ ಬಿಡುತ್ತಾ ನಿಂತವನನ್ನು ನೋಡಿ ವೆಸ್ಲಿಗೆ ಅರ್ಥವಾಗಿತ್ತಂತೆ. ನಡಿಗೆ ಮುಗಿದ ಮೇಲೆ ಭಾಷಣಗಳಿದ್ದವು. “ಭಾಷಣ ಯಾವನಿಗೆ ಬೇಕಿತ್ತು?” ಅಂದ ವೆಸ್ಲಿ ನನ್ನ ಹತ್ತಿರ, ಗುಟ್ಟಾಗಿ.

ಓರನ್ ಒಳಗೆ ಬಂದ, ನಾವು ಹನ್ನೊಂದಾದೆವು. ಕೋನಲ್ ತನ್ನ ಜಾಗಕ್ಕೆ ಹೋದ. ಹಸುವಿನ ಮನೆಯ ಹುಡುಗ ವಿರಾಮಕ್ಕೆ ಮೊದಲೇ ಒಂದು ಗೋಲು ಹೊಡೆದ. ಬ್ಯಾಂಡಿನವರು ಹುಟ್ಟಿನಿಂದ ಗ್ಲೆನ್‌ಬ್ರ್ಯಾಕಿನ ಅಭಿಮಾನಿಗಳು, ಆದರೂ ಓರನ್‌ನನ್ನು ತಾವೇ ತಂದವರಾದ್ದರಿಂದ ಅವನ ಮೇಲೆ ಹಕ್ಕು ಬಂದುಬಿಟ್ಟಿತ್ತು. ಅವನು ಚೆಂಡು ಹಿಡಿದಾಗಲೆಲ್ಲ ದೊಡ್ಡ ಡ್ರಮ್ಮಿಗೆ ಒಂದೇಟು. ಎಪ್ಪತ್ತನೇ ನಿಮಿಷಕ್ಕೆ ಗ್ಲೆನ್‌ಬ್ರ್ಯಾಕಿಗೆ ಪೆನಾಲ್ಟಿ ಸಿಕ್ಕಿತು. ಓರನ್ ಬಲಕ್ಕೆ ಹಾರಿದ, ಬೆರಳ ತುದಿಗೆ ತಾಗಿ ಚೆಂಡು ಕಂಬಕ್ಕೆ ಬಡಿದು ಹೊರಗೆ! ಡ್ರಮ್ಮು ಸಿಡಿಯುವ ಹಾಗೆ ಬಡಿದರು. ಗ್ಲೆನ್‌ಬ್ರ್ಯಾಕಿನವರು ತಮ್ಮವರೇ ಆದ ಬ್ಯಾಂಡಿನವರನ್ನು ಬೈದರು. ನಾನು ಪರಿಚಯವಿಲ್ಲದ ಯಾರನ್ನೋ ತಬ್ಬಿಕೊಂಡಿದ್ದೆ. ಕೊನೆಗೆ ಎರಡು ನಿಮಿಷ ಇರುವಾಗ ಅಂಚೆಯವನು ಮೂಲೆಯಿಂದ ಒದ್ದ ಚೆಂಡಿಗೆ ಕೋನಲ್ ತನ್ನ ಸುಣ್ಣದ ತಲೆ ಕೊಟ್ಟ. ಎರಡಕ್ಕೆ ಎರಡು.

ಪಂದ್ಯದ ನಂತರ ಚಹಾ. ಅಲ್ಲಿನ ಹೆಂಗಸರು ಮಾಡಿದ ಸಿಹಿ ಬಿಲ್ಲೆಗಳು, ಹ್ಯಾಮ್ ಸ್ಯಾಂಡ್‌ವಿಚ್ಚುಗಳು ಮೇಜಿನ ತುಂಬ. ಎಲ್ಲರೂ ಕಿರುಚುತ್ತಾ ತಿನ್ನುತ್ತಿದ್ದಾಗ ಡಿಂಪ್ನಾ ನೇರವಾಗಿ ಹೀಸ್ಲಿ ಮೇಷ್ಟ್ರ ಮುಂದೆ ಹೋಗಿ ಬಸ್ಸಿನ ಕೀ ಇಟ್ಟಳು. ಮೇಷ್ಟ್ರು ಕೀ ಎತ್ತಿ ಕೋಟಿನ ಜೇಬಿಗೆ ಹಾಕಿಕೊಂಡರು.

“ಹನ್ನೊಂದು ಅಂದಿದ್ರಿ, ಹತ್ತು ಇದ್ರು. ಮಾತು ಅಂದ್ರೆ ಮಾತು.”

ನಾನು ಮುಷ್ಟಿ ಬಿಗಿದೆ. ಡಿಂಪ್ನಾ ತಲೆಯಾಡಿಸಿದಳು. ಅವಳ ಕಣ್ಣು ತುಂಬಿದ್ದನ್ನು ನಾನು ಈ ನಲವತ್ತು ವರ್ಷದಲ್ಲಿ ನೋಡಿದ್ದು ಅದೊಂದೇ ಸಲ. ಮೇಷ್ಟ್ರು ಚಹಾ ಮುಗಿಸಿ, ಟೋಪಿ ಹಾಕಿಕೊಂಡು, ಬಸ್ಸಿನ ಹತ್ತಿರ ನಡೆದರು. ಹತ್ತಿ, ಯಾವಾಗಲೂ ನಾನು ಕೂರುವ ಮುಂದಿನ ಸೀಟಿನಲ್ಲೇ ಕೂತರು. ಆಮೇಲೆ ಕೀ ತೆಗೆದು ಅವಳ ಕಡೆ ಚಾಚಿದರು.

“ಬಸ್ಸು ಈಗ ನಂದು. ಯಾರು ಓಡಿಸ್ಬೇಕು ಅಂತ ನಾನು ಹೇಳ್ತೀನಿ. ಹುಡುಗ್ರು ನಾಳೆ ಕೆಲ್ಸಕ್ಕೆ ಹೋಗೋ ಹಾಗೆ ಮನೆ ಸೇರ್ತಾರಾ ಅಂತ ನೋಡೋದು ಬಾಕಿ ಇದೆ. ನಡೀರಿ.”

ಜೂನಿನ ಬೆಳಕು ಇನ್ನೂ ಬೆಟ್ಟದ ಮೇಲಿತ್ತು. ಕಿಲ್‌ನಾರ್ಡಿನಲ್ಲಿ ಡಿಂಪ್ನಾ ನಿಲ್ಲಿಸಿ ತಲೆ ಎಣಿಸಿದಳು, ಓಮಾದಲ್ಲಿ ಎಣಿಸಿದಳು, ಸೇತುವೆಗೆ ಮೊದಲು ಸಿಗುವ ಸ್ಟ್ರಬೇನಿನಲ್ಲಿ ಎಣಿಸಿದಳು. ಹುಡುಗರು ಪ್ರತಿ ಸಲವೂ ಓರನ್‌ನ ಕಿವಿ ಹಿಡಿದು ಎತ್ತಿ ತೋರಿಸಿದರು. ಹಿಂದೆ ಸೀಟು ಖಾಲಿಯಿದ್ದರೂ ಮುಂದಿನ ಜಾಗ ಬಿಡಲಾರದೆ ಕಿರಿದಾದ ಮೆಟ್ಟಿಲ ಮೇಲೆ ಕೂತಿದ್ದ ನಾನು, ಮೇಷ್ಟ್ರೇ, ನೀವು ವಾಪಸ್ಸು ಹೇಗೆ ಹೋಗುತ್ತೀರಿ ಅಂತ ಕೇಳಿದೆ. ಪ್ರಯಾಣ ಆಗುವ ಮಾತಲ್ಲ ಅಂತ ಏಳು ತಿಂಗಳು ವಾದಿಸಿದ ಮನುಷ್ಯ ಅದನ್ನು ಯೋಚಿಸಿರಲೇ ಇಲ್ಲ. ಬಸ್ಸು ಬಿದ್ದು ಬಿದ್ದು ನಕ್ಕಿತು. ನಮ್ಮ ಮನೆಯಲ್ಲಿ ಮಲಗಿ ಅಂದೆ, ಒಪ್ಪಿಕೊಂಡರು.

ಲಿಫರ್ಡ್ ಸೇತುವೆ ಬಂತು. ಬಸ್ಸು ನಿಧಾನವಾಯಿತು.

“ಹದಿನಾಲ್ಕು,” ಅಂದಳು ಡಿಂಪ್ನಾ.

ಮೇಷ್ಟ್ರು ಹೊಳೆಯ ಕಡೆ ನೋಡುತ್ತಿದ್ದರು. “ಅವತ್ತು ನಿಮ್ಮನ್ನ ನಿಲ್ಸಿದ್ದು ಇಲ್ಲೇನಾ?”

ಡಿಂಪ್ನಾ ತಿರುಗಿ ನೋಡಿದಳು. ಅವಳು ಆ ಕಥೆಯನ್ನು ಅವರಿಗೆ ಹೇಳಿರಲೇ ಇಲ್ಲ.

“ಆಗ ಗ್ಲೆನ್‌ಬ್ರ್ಯಾಕಿನ ಹುಡುಗ್ರ ತಂಡಕ್ಕೆ ನಾನೇ ಕಾರ್ಯದರ್ಶಿ,” ಅಂದರು ಅವರು. “ಮಳೇಲಿ ಹುಡುಗ್ರನ್ನ ಸಾಲಾಗಿ ನಿಲ್ಸ್ಕೊಂಡು ಒಂದು ಗಂಟೆ ಕಾದ್ವಿ. ನೀವು ಬರ್ಲಿಲ್ಲ. ಗಡಿಯಾಚೆಯೋರ್ನ ನಂಬಿ ಏನೂ ಇಟ್ಕೋಬಾರ್ದು ಅಂತ ಅವತ್ತೇ ತೀರ್ಮಾನ ಮಾಡ್ದೆ. ಯಾಕೆ ಬರ್ಲಿಲ್ಲ ಅಂತ ನಂಗೆ ಗೊತ್ತಾಗಿದ್ದು ಈ ಸಂಜೆ, ನೀವು ಮೆಟ್ಟಿಲ ಮೇಲೆ ಕೂತಿದ್ದಾಗ. ಕೋನಲ್ ಹೇಳ್ದ.”

“ನೀವು ಒಂದು ಗಂಟೆ ಕಾದ್ರಿ,” ಅಂದಳು ಡಿಂಪ್ನಾ. “ನಾವಿಲ್ಲಿ ನಾಲ್ಕು ಗಂಟೆ ಕಾದ್ವಿ ಮೇಷ್ಟ್ರೇ.”

ಮೇಷ್ಟ್ರು ಜೇಬಿನ ಪುಸ್ತಕ ತೆಗೆದರು, ಪೆನ್ನಿನ ಮುಚ್ಚಳ ಬಿಚ್ಚಿದರು.

“ಹಳೇ ಪುಸ್ತಕದಲ್ಲಿ ‘ಬಾಲಿಕೋರಿಯವರು ಬರಲಿಲ್ಲ’ ಅಂತ ಬರ್ದಿದ್ದೆ. ಇದ್ರಲ್ಲಿ ‘ಬಂದರು’ ಅಂತ ಬರೀತೀನಿ.”

“ಹನ್ನೆರಡು ನಿಮಿಷ ಮುಂಚೆ ಅಂತಾನೂ ಬರೀರಿ.”

“ಒಬ್ಬ ತಡವಾಗಿ ಬಂದ ಅಂತಾನೂ ಬರೀತೀನಿ,” ಅಂದರು ಮೇಷ್ಟ್ರು, ಮತ್ತು ಎರಡನ್ನೂ ಬರೆದುಕೊಂಡರು. ಡಿಂಪ್ನಾ ಬಸ್ಸನ್ನು ಸೇತುವೆಯಿಂದ ಇಳಿಸಿ, ಊರ ಕಡೆ ತಿರುಗಿಸಿದಳು.